ಐದು ಉದಾಹರಣೆ ಕೊಟ್ಟರೆ ಸಮರ್ಥನೆಯಾಗುವುದಿಲ್ಲವೇ? ಒಂಬತ್ತನೇ ತರಗತಿಯ ಒಂದು ಗಣಿತ ಪ್ರಶ್ನೆ

ಬದಿಯಡ್ಕದ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲೇ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಳೆ. ಮೊನ್ನೆ ಮನೆಗೆ ತಂದ ಗಣಿತದ ಉತ್ತರಪತ್ರಿಕೆಯಲ್ಲಿ ಒಂದು ಪ್ರಶ್ನೆಗೆ 4ರಲ್ಲಿ 1 ಅಂಕ ಮಾತ್ರ ಬಂದಿದೆ. ಪ್ರಶ್ನೆ ಹೀಗಿತ್ತು: "ಅನುಕ್ರಮವಾಗಿ ಬರುವ ಯಾವುದೇ ಮೂರು ಎಣಿಕೆಯ ಸಂಖ್ಯೆಗಳ ಗುಣಲಬ್ಧವು 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಸಮರ್ಥಿಸಿರಿ."

ಅವಳು 1 × 2 × 3 = 6, 2 × 3 × 4 = 24, 3 × 4 × 5 = 60, 4 × 5 × 6 = 120, 5 × 6 × 7 = 210 ಎಂದು ಐದು ಉದಾಹರಣೆಗಳನ್ನು ಕೊಟ್ಟು, ಪ್ರತಿಯೊಂದನ್ನೂ 6ರಿಂದ ಭಾಗಿಸಿ ತೋರಿಸಿ, ಕೊನೆಗೆ "ಆದ್ದರಿಂದ ಹೇಳಿಕೆ ಸರಿಯಾಗಿದೆ" ಎಂದು ಬರೆದಿದ್ದಾಳೆ. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಅಧ್ಯಾಪಕರು ಕೆಂಪು ಶಾಯಿಯಲ್ಲಿ "ಇದು ಪರಿಶೀಲನೆ, ಸಮರ್ಥನೆಯಲ್ಲ" ಎಂದು ಗೀಚಿದ್ದಾರೆ. ಹೇಳಿಕೆ ನಿಜ, ಉದಾಹರಣೆಗಳೂ ನಿಜ; ಹಾಗಿದ್ದರೆ ಮೂರು ಅಂಕ ಹೋದದ್ದು ಎಲ್ಲಿಗೆ? ನಾನು ಓದಿದ್ದು ವಾಣಿಜ್ಯ ವಿಭಾಗ. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಪೆರ್ಲದ ಅಡಿಕೆ ಕೃಷಿಕ:

ಅಕ್ಕಾ, ಇದು ಅನ್ಯಾಯವೇ ಸರಿ. ನಮ್ಮಲ್ಲಿಗೆ ಅಡಿಕೆ ಖರೀದಿಗೆ ಬರುವವರು ಗೋಣಿಯಿಂದ ಒಂದು ಹಿಡಿ ತೆಗೆದು ನೋಡಿ ಇಡೀ ಗೋಣಿಗೆ ದರ ಹೇಳುತ್ತಾರೆ. ಐದು ಹಿಡಿ ನೋಡಿದ ಮೇಲೂ ನಂಬದವರನ್ನು ಏನೆನ್ನಬೇಕು?

ಕುಂಬಳೆಯ ಗಣಿತ ಅಧ್ಯಾಪಕ:

ಅಡಿಕೆಯ ಗೋಣಿಗೆ ತಳವಿದೆ, ಸಂಖ್ಯೆಗಳಿಗೆ ತಳವಿಲ್ಲ. ವ್ಯತ್ಯಾಸ ಇರುವುದು ಅಲ್ಲಿಯೇ.

ಆ ಅಧ್ಯಾಪಕರ ಪರವಾಗಿ ಎರಡು ಮಾತು ಹೇಳುತ್ತೇನೆ. ಪ್ರಶ್ನೆಯಲ್ಲಿ "ಯಾವುದೇ ಮೂರು" ಎಂದಿದೆ. ಐದು ಉದಾಹರಣೆಗಳು ಐದು ಉದಾಹರಣೆಗಳ ಕುರಿತು ಮಾತ್ರ ಹೇಳುತ್ತವೆ. ಐದು ಸರಿಯಾಗಿ ಆರನೆಯದು ಕೈಕೊಟ್ಟ ಪ್ರಸಂಗ ಗಣಿತದ ಚರಿತ್ರೆಯಲ್ಲಿಯೇ ಇದೆ. ಹದಿನೇಳನೆಯ ಶತಮಾನದ ಫ್ರಾನ್ಸಿನ ಫರ್ಮಾ ಈ ಸಾಲನ್ನು ನೋಡಿದನು: 2¹ + 1 = 3, 2² + 1 = 5, 2⁴ + 1 = 17, 2⁸ + 1 = 257, 2¹⁶ + 1 = 65537. ಘಾತವು ಪ್ರತಿಸಲ ಎರಡು ಪಟ್ಟಾಗುತ್ತದೆ, ಬರುವ ಐದು ಸಂಖ್ಯೆಗಳೂ ಅವಿಭಾಜ್ಯ. ಮುಂದಿನವೂ ಹೀಗೆಯೇ ಇರುತ್ತವೆ ಎಂದು ಅವನು ನಂಬಿದನು. 1732ರಲ್ಲಿ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದನು: 2³² + 1 = 4294967297 = 641 × 6700417. ಫರ್ಮಾನಂಥವನೇ ಐದು ಉದಾಹರಣೆಗಳಿಂದ ಎಡವಿದ್ದರೆ ಒಂಬತ್ತನೇ ತರಗತಿಯ ಮಗುವಿಗೆ ಎಚ್ಚರಿಕೆ ಕೊಡುವುದು ತಪ್ಪೇ?

ಇನ್ನೊಂದು ಉದಾಹರಣೆಯನ್ನು ಮಕ್ಕಳೇ ಪುಸ್ತಕದಲ್ಲಿ ಮಾಡಿ ನೋಡಬಹುದು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿರಿ. 0ಗೆ 41, 1ಕ್ಕೆ 43, 2ಕ್ಕೆ 47, 3ಕ್ಕೆ 53, 4ಕ್ಕೆ 61, ಎಲ್ಲವೂ ಅವಿಭಾಜ್ಯ. 39ರವರೆಗೂ ಇದು ತಪ್ಪುವುದಿಲ್ಲ. 40ಕ್ಕೆ ಬಂದಾಗ 1600 + 40 + 41 = 1681, ಅಂದರೆ 41 × 41. ನಲವತ್ತು ಉದಾಹರಣೆಗಳು ಸರಿಯಾಗಿದ್ದೂ ಹೇಳಿಕೆ ಸುಳ್ಳಾಯಿತು.

ಉಪ್ಪಳದ ಹುಡುಗ:

40ರಲ್ಲಿ ತಪ್ಪುತ್ತದೆ ಎಂಬುದಕ್ಕೆ ಗುಣಾಕಾರವೂ ಬೇಕಾಗಿಲ್ಲ. 40 × 40 + 40 ಎಂದರೆ 40 × 41. ಅದಕ್ಕೆ ಇನ್ನೊಂದು 41 ಸೇರಿಸಿದರೆ 41 × 41. ಇದನ್ನು ಮೊದಲೇ ಗಮನಿಸಿದ್ದರೆ ನಲವತ್ತು ಲೆಕ್ಕ ಮಾಡುವ ಶ್ರಮವೇ ಉಳಿಯುತ್ತಿತ್ತು.

ಬದಿಯಡ್ಕದ ಅಮ್ಮ:

ಮಾಷ್ಟ್ರೇ, ನಿಮ್ಮ ಮಾತು ಅರ್ಥವಾಯಿತು. ಆದರೆ ನೀವು ಕೊಟ್ಟ ಎರಡೂ ಹೇಳಿಕೆಗಳು ಸುಳ್ಳು. ಮಗಳಿಗೆ ಬಂದ ಪ್ರಶ್ನೆಯ ಹೇಳಿಕೆ ನಿಜವೆಂದು ಪ್ರಶ್ನೆಪತ್ರಿಕೆಯೇ ಹೇಳಿದೆ. ನಿಜವೆಂದು ಗೊತ್ತಿರುವುದಕ್ಕೂ ಇಷ್ಟು ಸಂದೇಹ ಏಕೆ? ಹೋಗಲಿ, ಎಷ್ಟು ಉದಾಹರಣೆ ಕೊಟ್ಟರೆ ಸಾಕು ಎಂದಾದರೂ ಹೇಳಿ.

ಕುಂಬಳೆಯ ಗಣಿತ ಅಧ್ಯಾಪಕ:

ಎಷ್ಟು ಕೊಟ್ಟರೂ ಸಾಲದು. 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯನ್ನೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದೇ ಎಂಬ ಪ್ರಶ್ನೆ 1742ರಲ್ಲಿ ಗೋಲ್ಡ್‌ಬಾಕ್ ಆಯ್ಲರನಿಗೆ ಬರೆದ ಪತ್ರದಿಂದ ಬಂದದ್ದು. 10 = 3 + 7, 28 = 5 + 23, ಹೀಗೆ. ಕಂಪ್ಯೂಟರುಗಳಲ್ಲಿ 4ರ ಮುಂದೆ 18 ಸೊನ್ನೆಗಳಿರುವ ಸಂಖ್ಯೆಯವರೆಗೂ ಪರಿಶೀಲಿಸಿದ್ದಾರೆ, ಎಲ್ಲಿಯೂ ತಪ್ಪಿಲ್ಲ. ಆದರೂ ಅದನ್ನು ಇಂದಿಗೂ ಯಾರೂ ಪ್ರಮೇಯ ಎಂದು ಕರೆಯುವುದಿಲ್ಲ. ನಿಮ್ಮ ಮಗಳ ಐದಕ್ಕೆ 1 ಅಂಕ ಸಿಕ್ಕಿದ್ದೇ ಧಾರಾಳ.

ಪೆರ್ಲದ ಅಡಿಕೆ ಕೃಷಿಕ:

"ಧಾರಾಳ" ಎಂಬ ಮಾತು ಬೇಕಿರಲಿಲ್ಲ ಮಾಷ್ಟ್ರೇ.

ಮುಳ್ಳೇರಿಯದ ನಿವೃತ್ತ ಟೀಚರ್:

ಜಗಳ ಬೇಡ. ಮಗುವಿಗೆ ಉತ್ತರ ಹೇಳಿಕೊಡುವುದು ಯಾರೂ ಮಾಡಲಿಲ್ಲವಲ್ಲ. ಅಮ್ಮ, ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಇದನ್ನು ಓದಿ.

ಸಂಖ್ಯೆಗಳನ್ನು ಸಾಲಾಗಿ ಬರೆದರೆ ಒಂದು ಬಿಟ್ಟು ಒಂದು ಸಮಸಂಖ್ಯೆ ಬರುತ್ತದೆ. ಆದ್ದರಿಂದ ಪಕ್ಕಪಕ್ಕದ ಎರಡು ಸಂಖ್ಯೆಗಳನ್ನು ಎಲ್ಲಿಂದ ಆರಿಸಿಕೊಂಡರೂ ಅವುಗಳಲ್ಲಿ ಒಂದು 2ರಿಂದ ಭಾಗವಾಗಲೇಬೇಕು. ಅದೇ ರೀತಿ 3ರಿಂದ ಭಾಗವಾಗುವ ಸಂಖ್ಯೆಗಳು ಎರಡೆರಡು ಬಿಟ್ಟು ಬರುತ್ತವೆ: 3, 6, 9, 12. ಅನುಕ್ರಮವಾದ ಮೂರನ್ನು ತೆಗೆದುಕೊಂಡರೆ ಅವುಗಳಲ್ಲಿ ಒಂದು, ಒಂದೇ ಒಂದು, 3ರಿಂದ ಭಾಗವಾಗುತ್ತದೆ. ಗುಣಲಬ್ಧದೊಳಗೆ 2 ಇದೆ, 3 ಇದೆ, ಆದ್ದರಿಂದ 6 ಇದೆ. ಇಷ್ಟು ಬರೆದಿದ್ದರೆ ನಾನಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಒಂದು ಉದಾಹರಣೆಯೂ ಇಲ್ಲದೆ, ಒಂದು ಬೀಜಾಕ್ಷರವೂ ಇಲ್ಲದೆ, ಎಲ್ಲ ಸಂಖ್ಯೆಗಳ ಮಾತೂ ಮುಗಿಯಿತು.

ಅವಳ ಐದು ಉದಾಹರಣೆಗಳನ್ನು ಎಸೆಯಬೇಕಾಗಿಲ್ಲ. ಪ್ರತಿಯೊಂದರಲ್ಲಿಯೂ ಸಮಸಂಖ್ಯೆ ಯಾವುದು, 3ರಿಂದ ಭಾಗವಾಗುವುದು ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಲಿ. ನಾಲ್ಕನೆಯ ಸಾಲಿನಲ್ಲಿ 4 ಮತ್ತು 6 ಎರಡೂ ಸಮ, 3ರಿಂದ ಭಾಗವಾಗುವುದೂ ಅದೇ 6. ಉದಾಹರಣೆ ಕಾರಣವನ್ನು ಹುಡುಕಲು ಇರುವುದು.

ಉಪ್ಪಳದ ಹುಡುಗ:

ಟೀಚರ್, "2 ಇದೆ, 3 ಇದೆ, ಆದ್ದರಿಂದ 6 ಇದೆ" ಎಂಬಲ್ಲಿ ಒಂದು ಮೆಟ್ಟಿಲನ್ನು ಹಾರಿದಿರಿ ಎಂದು ನನಗನಿಸುತ್ತದೆ. 12 ಎಂಬುದು 4ರಿಂದಲೂ ಭಾಗವಾಗುತ್ತದೆ, 6ರಿಂದಲೂ ಭಾಗವಾಗುತ್ತದೆ, ಆದರೆ 24ರಿಂದ ಭಾಗವಾಗುವುದಿಲ್ಲ. 2 ಮತ್ತು 3ಕ್ಕೆ ಮಾತ್ರ ಆ ಸವಲತ್ತು ಏಕೆ?

ಮುಳ್ಳೇರಿಯದ ನಿವೃತ್ತ ಟೀಚರ್:

ಒಳ್ಳೆಯ ಪ್ರಶ್ನೆ ಮಗಾ. 2 ಮತ್ತು 3ಕ್ಕೆ 1ನ್ನು ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. 4 ಮತ್ತು 6ಕ್ಕೆ 2 ಎಂಬ ಸಾಮಾನ್ಯ ಅಪವರ್ತನವಿದೆ, ಆ 2ನ್ನು ಎರಡು ಸಲ ಎಣಿಸಿದಂತಾಗುತ್ತದೆ. ಹೀಗೂ ತೋರಿಸಬಹುದು: ನಮ್ಮ ಸಂಖ್ಯೆ 3ರಿಂದ ಭಾಗವಾಗುವುದರಿಂದ ಅದನ್ನು 3 × ಬ ಎಂದು ಬರೆಯೋಣ. ‘ಬ’ ಬೆಸವಾಗಿದ್ದರೆ 3 × ಬ ಕೂಡ ಬೆಸವಾಗುತ್ತದೆ, ಏಕೆಂದರೆ ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸ. ಆದರೆ ನಮ್ಮ ಸಂಖ್ಯೆ ಸಮ. ಆದ್ದರಿಂದ ‘ಬ’ ಸಮವಾಗಲೇಬೇಕು, ಬ = 2 × ಕ, ಸಂಖ್ಯೆ 6 × ಕ.

ನೀರ್ಚಾಲಿನ ಟ್ಯೂಷನ್ ಮಾಷ್ಟ್ರು:

ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸ ಎಂಬುದನ್ನೂ ಯಾರಾದರೂ ಪ್ರಶ್ನಿಸುವ ಮೊದಲು ನಾನೇ ಬರೆದುಬಿಡುತ್ತೇನೆ: (2ಅ + 1)(2ಬ + 1) = 4ಅಬ + 2ಅ + 2ಬ + 1 = 2(2ಅಬ + ಅ + ಬ) + 1. ಎರಡರಿಂದ ಗುಣಿಸಿದ್ದಕ್ಕೆ ಒಂದು ಕೂಡಿಸಿದೆ, ಆದ್ದರಿಂದ ಬೆಸ.

ಈ ಜಾಗದಲ್ಲಿ ಮಕ್ಕಳು ಮಾಡುವ ತಪ್ಪೊಂದನ್ನು ಹೇಳಲೇಬೇಕು, ಏಕೆಂದರೆ ಪ್ರತಿವರ್ಷವೂ ಅದು ಬರುತ್ತದೆ. "ಎರಡು ಬೆಸ ಸಂಖ್ಯೆಗಳ ಮೊತ್ತ ಸಮಸಂಖ್ಯೆ ಎಂದು ತೋರಿಸಿರಿ" ಎಂದರೆ ಅರ್ಧ ತರಗತಿ (2ನ + 1) + (2ನ + 1) = 4ನ + 2 ಎಂದು ಬರೆದು, 2ರಿಂದ ಭಾಗವಾಗುತ್ತದೆ ಎಂದು ಮುಗಿಸುತ್ತದೆ. ಉತ್ತರ ಸರಿಯಾಗಿ ಕಾಣುತ್ತದೆ. ಆದರೆ 3 + 5 = 8 ಎಂಬುದನ್ನು 4ನ + 2 ಎಂದು ಬರೆದು ತೋರಿಸಿ ಎಂದರೆ ಪೆನ್ನು ನಿಲ್ಲುತ್ತದೆ. ಒಂದೇ ಅಕ್ಷರವನ್ನು ಎರಡು ಕಡೆ ಬಳಸಿದ ಕ್ಷಣವೇ ಎರಡು ಸಂಖ್ಯೆಗಳೂ ಒಂದೇ ಆದವು. ಅವರು ಸಾಧಿಸಿದ್ದು ಬೆಸ ಸಂಖ್ಯೆಗೆ ಅದನ್ನೇ ಕೂಡಿಸಿದರೆ ಸಮ ಎಂದು ಮಾತ್ರ. 2ಅ + 1 ಮತ್ತು 2ಬ + 1 ಎಂದು ಬೇರೆ ಬೇರೆ ಅಕ್ಷರ ಹಾಕಿದರೆ 2(ಅ + ಬ + 1) ಬರುತ್ತದೆ, ಅದು ಎಲ್ಲ ಜೋಡಿಗಳಿಗೂ ಹೊಂದುತ್ತದೆ. ಉದಾಹರಣೆ ಬರೆದ ಮಗುವಿನ ಅಂಕ ಕತ್ತರಿಸುವವರು ಹೀಗೆ ಬರೆದ ಮಗುವಿಗೆ ಕಣ್ಣುಮುಚ್ಚಿ ನಾಲ್ಕು ಅಂಕ ಕೊಡುವುದನ್ನು ನಾನು ನೋಡಿದ್ದೇನೆ. ಅಕ್ಷರ ಕಂಡರೆ ಬೀಜಗಣಿತ, ಬೀಜಗಣಿತ ಕಂಡರೆ ಸಾಧನೆ!

ಕುಂಬಳೆಯ ಗಣಿತ ಅಧ್ಯಾಪಕ:

ಎಲ್ಲರೂ ಹಾಗೆ ಮಾಡುವುದಿಲ್ಲ. ಆದರೆ ನೀವು ಹೇಳಿದ ತಪ್ಪು ಬಹಳ ಸಾಮಾನ್ಯ ಎಂಬುದನ್ನು ಒಪ್ಪುತ್ತೇನೆ.

ಬದಿಯಡ್ಕದ ಅಮ್ಮ:

ಟೀಚರ್ ಹೇಳಿದ್ದು ನಮ್ಮಿಬ್ಬರಿಗೂ ಅರ್ಥವಾಯಿತು, ಬಹಳ ಉಪಕಾರವಾಯಿತು. ಆದರೆ ಮಗಳು ಈಗ ಒಂದು ತಕರಾರು ತೆಗೆದಿದ್ದಾಳೆ. ‘ನ’ ಎಂದು ಬರೆದರೂ ಅದು ಯಾವುದೋ ಒಂದು ಸಂಖ್ಯೆಯೇ ಅಲ್ಲವೇ, ಹಾಗಿದ್ದರೆ ಅದೂ ಒಂದು ಉದಾಹರಣೆಯೇ ಆಗಲಿಲ್ಲವೇ ಎಂದು ಕೇಳುತ್ತಾಳೆ.

ಪೆರಿಯದ ಎಂ.ಎಸ್ಸಿ. ವಿದ್ಯಾರ್ಥಿನಿ:

ನಿಮ್ಮ ಮಗಳು ಅಂಕಕ್ಕಿಂತ ಬೆಲೆಯುಳ್ಳ ಪ್ರಶ್ನೆ ಕೇಳಿದ್ದಾಳೆ. ಹೌದು, ‘ನ’ ಒಂದೇ ಸಂಖ್ಯೆ. ಆದರೆ 5 ಎಂದು ಬರೆದಾಗ ಅದು ಬೆಸ, ಅವಿಭಾಜ್ಯ, 10ಕ್ಕಿಂತ ಚಿಕ್ಕದು ಎಂಬ ನೂರು ಸಂಗತಿಗಳು ಜೊತೆಯಲ್ಲಿಯೇ ಬರುತ್ತವೆ. ಉತ್ತರ ಸರಿಯಾದದ್ದು ಅವುಗಳಲ್ಲಿ ಯಾವುದರಿಂದ ಎಂದು ತಿಳಿಯುವುದಿಲ್ಲ. ‘ನ’ದ ಕುರಿತು ನಾವು ಹೇಳಿಕೊಂಡದ್ದು ಅದು ಎಣಿಕೆಯ ಸಂಖ್ಯೆ ಎಂಬ ಒಂದೇ ಸಂಗತಿ. ಅಷ್ಟನ್ನೇ ಬಳಸಿ ಏನನ್ನಾದರೂ ತೋರಿಸಿದರೆ, ನಾಳೆ ಯಾರು ಯಾವ ಎಣಿಕೆಯ ಸಂಖ್ಯೆಯನ್ನು ತಂದು ಆ ಜಾಗದಲ್ಲಿ ಇಟ್ಟರೂ ಅದೇ ಮಾತು ನಿಲ್ಲುತ್ತದೆ.

ಈಗ ಅವಳ ಉತ್ತರಪತ್ರಿಕೆಗೆ ಮರಳಿ ಬರುತ್ತೇನೆ, ಏಕೆಂದರೆ ಇಲ್ಲಿ ಎಲ್ಲರೂ ಒಂದು ವಿಷಯವನ್ನು ಗಮನಿಸಿದಂತಿಲ್ಲ. ಈ ಪ್ರಶ್ನೆಯ ಮಟ್ಟಿಗೆ ಉದಾಹರಣೆಗಳಿಂದಲೇ ಪೂರ್ಣ ಸಾಧನೆ ಕೊಡಲು ಸಾಧ್ಯವಿದೆ. ಯಾವ ಸಂಖ್ಯೆಯನ್ನು 6ರಿಂದ ಭಾಗಿಸಿದರೂ ಶೇಷ 0, 1, 2, 3, 4, 5 ಈ ಆರರಲ್ಲಿ ಒಂದು. ಮೊದಲ ಸಂಖ್ಯೆಯನ್ನು 6ಕ + ಶ ಎಂದು ಬರೆದರೆ (‘ಶ’ ಎಂದರೆ ಶೇಷ) ಗುಣಲಬ್ಧ (6ಕ + ಶ)(6ಕ + ಶ + 1)(6ಕ + ಶ + 2). ಇದನ್ನು ಬಿಡಿಸಿದಾಗ 6ಕ ಸೇರಿದ ಪದಗಳೆಲ್ಲ 6ರಿಂದ ಭಾಗವಾಗುತ್ತವೆ, ಕೊನೆಗೆ ಉಳಿಯುವುದು ಶ(ಶ + 1)(ಶ + 2) ಮಾತ್ರ. ಅಂದರೆ 6ರಿಂದ ಭಾಗವಾಗುತ್ತದೆಯೋ ಇಲ್ಲವೋ ಎಂಬುದು ಶೇಷವೊಂದನ್ನೇ ಅವಲಂಬಿಸಿದೆ. ಮೊದಲ ಸಂಖ್ಯೆ 3 ಆದರೂ 9 ಆದರೂ 6000003 ಆದರೂ ಒಂದೇ. ಆರು ಶೇಷಗಳಿಗೆ ಒಂದೊಂದು ಉದಾಹರಣೆ ಕೊಟ್ಟರೆ ಲೋಕದ ಎಲ್ಲ ಸಂಖ್ಯೆಗಳನ್ನೂ ನೋಡಿ ಮುಗಿಸಿದಂತೆ.

ಮಗಳು ಆರಿಸಿದ ಮೊದಲ ಸಂಖ್ಯೆಗಳು 1, 2, 3, 4, 5. ಉಳಿದದ್ದು 6 × 7 × 8 = 336 ಒಂದೇ, ಅದೂ 6 × 56. ಹಾಗಾಗಿ ಅವಳ ಉತ್ತರದಲ್ಲಿ ಕಡಿಮೆಯಾದದ್ದು ಆರನೆಯ ಉದಾಹರಣೆ ಮತ್ತು ಅಲ್ಲಿಗೆ ನಿಲ್ಲಿಸಬಹುದು ಎಂಬುದಕ್ಕೆ ಒಂದು ಕಾರಣ.

ಪೆರ್ಲದ ಅಡಿಕೆ ಕೃಷಿಕ:

ನೋಡಿದಿರಾ ಮಾಷ್ಟ್ರೇ! ಐದು ಹಿಡಿ ಸಾಲದಿದ್ದರೆ ಆರು ಹಿಡಿ. ನಾನು ಹೇಳಿದ್ದು ಅಷ್ಟೇನೂ ತಪ್ಪಲ್ಲ.

ಕುಂಬಳೆಯ ಗಣಿತ ಅಧ್ಯಾಪಕ:

ತಂಗಿ ಬರೆದ ಸಾಧನೆ ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತಂಗಿಯ ಸಾಧನೆ, ಆ ಮಗುವಿನದಲ್ಲ. ಮಗು ಐದಕ್ಕೆ ನಿಲ್ಲಿಸಿದ್ದು ಕೈ ಸೋತದ್ದರಿಂದಲೋ ಪುಟ ಮುಗಿದದ್ದರಿಂದಲೋ ಇರಬಹುದು. ಬರೆಯದ ಕಾರಣಕ್ಕೆ ಅಂಕ ಕೊಡಲು ನಮಗೆ ಅಧಿಕಾರವಿಲ್ಲ. ಹೆಚ್ಚೆಂದರೆ 2 ಕೊಡಬಹುದಿತ್ತು, ಏಕೆಂದರೆ ಸರಿಯಾದ ದಿಕ್ಕಿನಲ್ಲಿ ಸಾಲಾಗಿ ಪರಿಶೀಲಿಸಿದ್ದಾಳೆ.

ನೀರ್ಚಾಲಿನ ಟ್ಯೂಷನ್ ಮಾಷ್ಟ್ರು:

1ರಿಂದ 2ಕ್ಕೆ ಬಂದಿರಲ್ಲ, ಇನ್ನು ನಾಲ್ಕು ಪುಟ ಚರ್ಚೆಯಾದರೆ 4 ಆಗಬಹುದು.

ಹೊಸಂಗಡಿಯ ಓದುಗ:

ಅಂಕದ ಮಾತು ಬಿಡಿ. "ಪರಿಶೀಲನೆ, ಸಮರ್ಥನೆಯಲ್ಲ" ಎಂದು ಕನ್ನಡದಲ್ಲಿ ಬರೆದು ತಿದ್ದುವ ಅಧ್ಯಾಪಕರಾದರೂ ಆ ಮಗುವಿಗೆ ಸಿಕ್ಕಿದ್ದಾರೆ. ಕನ್ನಡವೇ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ಗಣಿತ ಕಲಿಸಲು ನೇಮಿಸುವುದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಹಲಗೆಯ ಮೇಲಿನ ಅಂಕೆಗಳು ಅರ್ಥವಾಗುತ್ತವೆ, ನಿಜ. ಆದರೆ "ಏಕೆ" ಎಂಬ ಪ್ರಶ್ನೆಗೆ ಉತ್ತರ ಅಂಕೆಗಳಲ್ಲಿ ಇರುವುದಿಲ್ಲ, ವಾಕ್ಯಗಳಲ್ಲಿ ಇರುತ್ತದೆ. ಮಕ್ಕಳು ಉದಾಹರಣೆಗಳಲ್ಲಿಯೇ ನಿಲ್ಲುವುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಪಾಡು.

ನಿರ್ವಾಹಕ:

ಆ ವಿಷಯಕ್ಕೆ ಬೇರೆಯೇ ಚರ್ಚೆ ತೆರೆದಿದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಗಣಿತ ಇರಲಿ.

ಉಪ್ಪಳದ ಹುಡುಗ:

ನಿರ್ವಾಹಕರೇ, ಆ ದಿನಾಂಕವನ್ನು ಗಣಿತಕ್ಕೇ ತರುತ್ತೇನೆ. ಕಾಸರಗೋಡು ಕೇರಳಕ್ಕೆ ಸೇರಿದ ಆ ದಿನ ಯಾವ ವಾರ? ತಂಗಿ ಹೇಳಿದ ಶೇಷದ ಉಪಾಯ ಇಲ್ಲಿಯೂ ನಡೆಯುತ್ತದೆ, 6ರ ಬದಲು 7ರಿಂದ ಭಾಗಿಸಬೇಕು ಅಷ್ಟೇ. 2024ರ ನವೆಂಬರ್ 1 ಶುಕ್ರವಾರವಾಗಿತ್ತು. ನಡುವೆ ಹೋದದ್ದು 68 ವರ್ಷ. 365ನ್ನು 7ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ ಪ್ರತಿ ವರ್ಷಕ್ಕೆ ವಾರ ಒಂದು ದಿನ ಮುಂದೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಇನ್ನೊಂದು ದಿನ. 1960ರಿಂದ 2024ರವರೆಗೆ ಅಧಿಕವರ್ಷಗಳು 17. ಒಟ್ಟು 68 + 17 = 85, ಅಂದರೆ 7 × 12 + 1. ಶೇಷ 1. ಶುಕ್ರವಾರದಿಂದ ಒಂದು ದಿನ ಹಿಂದೆ ಹೋದರೆ ಗುರುವಾರ.

ಮುಳ್ಳೇರಿಯದ ನಿವೃತ್ತ ಟೀಚರ್:

ಗುರುವಾರವೇ ಸರಿ. 1956 ಕೂಡ ಅಧಿಕವರ್ಷವಾಗಿತ್ತು, ಆದರೆ ಅದರ ಫೆಬ್ರವರಿ ನವೆಂಬರಿಗಿಂತ ಮೊದಲೇ ಕಳೆದಿದ್ದುದರಿಂದ ಎಣಿಕೆಗೆ ಬರುವುದಿಲ್ಲ. ಮಕ್ಕಳು ಅಲ್ಲಿಯೇ ತಪ್ಪುತ್ತಾರೆ.

ದುಬೈಯಲ್ಲಿರುವ ಮಂಜೇಶ್ವರದವ:

ನಾನು ಇಲ್ಲಿ ಒಂದು ಕಂಪೆನಿಯ ಲೆಕ್ಕಪತ್ರ ನೋಡುತ್ತೇನೆ. ಶಾಲೆಯಲ್ಲಿ ಕಲಿತ ಬೀಜಗಣಿತ ಹೊಟ್ಟೆಪಾಡಿಗೆ ಬಂದ ಒಂದು ಸಂದರ್ಭವನ್ನು ಹೇಳಬಹುದೇ? ತಿಂಗಳ ಕೊನೆಯಲ್ಲಿ ಜಮೆ ಮತ್ತು ಖರ್ಚು ತಾಳೆಯಾಗದಿದ್ದರೆ ನಾವು ಮೊದಲು ಮಾಡುವ ಕೆಲಸ ವ್ಯತ್ಯಾಸವನ್ನು 9ರಿಂದ ಭಾಗಿಸುವುದು. ನಿಶ್ಶೇಷವಾಗಿ ಭಾಗವಾದರೆ ಯಾರೋ ಎರಡು ಅಂಕೆಗಳನ್ನು ಅದಲು ಬದಲು ಮಾಡಿ ಬರೆದಿದ್ದಾರೆ ಎಂದು ಅರ್ಥ. 5472 ಎಂಬುದನ್ನು 5742 ಎಂದು ಬರೆದರೆ ವ್ಯತ್ಯಾಸ 270, ಅದು 9 × 30. ಹಿರಿಯರು ಹೇಳಿಕೊಟ್ಟ ಈ ಉಪಾಯದ ಹಿಂದಿನ ಕಾರಣ ಶಾಲೆಯ ಎರಡಂಕಿಯ ಸಂಖ್ಯೆಯ ಪಾಠದಲ್ಲಿಯೇ ಇದೆ: ಹತ್ತರ ಸ್ಥಾನದಲ್ಲಿ ‘ಅ’, ಬಿಡಿಯ ಸ್ಥಾನದಲ್ಲಿ ‘ಬ’ ಇದ್ದರೆ ಸಂಖ್ಯೆ 10ಅ + ಬ, ತಿರುಗಿಸಿದರೆ 10ಬ + ಅ, ಕಳೆದರೆ 9(ಅ − ಬ). ನೂರು ಮತ್ತು ಹತ್ತರ ಸ್ಥಾನಗಳಲ್ಲಾದರೆ 90(ಅ − ಬ). ಮೇಲಿನ ಉದಾಹರಣೆಯಲ್ಲಿ ಅದು 90 × 3.

ಬದಿಯಡ್ಕದ ಅಮ್ಮ:

ವಾಣಿಜ್ಯ ವಿಭಾಗದಲ್ಲಿ ನಮಗೂ ಈ 9ರ ಉಪಾಯವನ್ನು ಹೇಳಿದ್ದರು, ಕಾರಣವನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಪೆರಿಯದ ಎಂ.ಎಸ್ಸಿ. ವಿದ್ಯಾರ್ಥಿನಿ:

ಅಣ್ಣಾ, ಒಂದು ತಿದ್ದುಪಡಿ. ಅಂಕೆಗಳು ಅದಲು ಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ ಎಂದು ನೀವು ಸಾಧಿಸಿದಿರಿ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕೆಗಳು ಅದಲು ಬದಲಾಗಿವೆ ಎಂಬುದು ಅದರ ವಿಲೋಮ, ಅದು ಸರಿಯಲ್ಲ. 450ರ ಕೊನೆಯ ಸೊನ್ನೆ ಬಿಟ್ಟುಹೋಗಿ 45 ಎಂದಾದರೆ ವ್ಯತ್ಯಾಸ 405, ಅದೂ 9 × 45. 18 ದಿರ್ಹಮಿನ ಒಂದು ಚೀಟಿಯನ್ನು ಬರೆಯಲು ಮರೆತರೂ ಹಾಗೆಯೇ.

ದುಬೈಯಲ್ಲಿರುವ ಮಂಜೇಶ್ವರದವ:

ಒಪ್ಪಿದೆ. "ಎಂದು ಅರ್ಥ" ಎಂಬಲ್ಲಿ "ಎಂದು ಸಂಶಯಿಸಬಹುದು" ಎಂದು ಓದಿಕೊಳ್ಳಿ. ಸಂಶಯ ಬಂದರೂ ನಮಗೆ ಅರ್ಧ ದಿನ ಉಳಿಯುತ್ತದೆ.

ನೀರ್ಚಾಲಿನ ಟ್ಯೂಷನ್ ಮಾಷ್ಟ್ರು:

9ರ ಮಾತು ಬಂದದ್ದರಿಂದ ಸೇರಿಸುತ್ತೇನೆ. ಅಂಕೆಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಎಂಬ ನಿಯಮವನ್ನು ಐದನೇ ತರಗತಿಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. 4572ನ್ನು 4 × 999 + 5 × 99 + 7 × 9 ಮತ್ತು 4 + 5 + 7 + 2 ಎಂದು ಎರಡು ಭಾಗ ಮಾಡಿದರೆ ಮೊದಲ ಭಾಗದ ತುಂಬ 9ಗಳೇ, ಉಳಿದದ್ದು 18. ಬೀಜಗಣಿತ ಬರುವುದಕ್ಕೆ ಮುಂಚೆಯೇ ಇದನ್ನು ತೋರಿಸಬಹುದು.

ಕುತೂಹಲವಿರುವ ಮಕ್ಕಳಿಗೆ 7ರ ನಿಯಮ ಕೊಡಿ: ಕೊನೆಯ ಅಂಕೆಯ ಎರಡರಷ್ಟನ್ನು ಉಳಿದ ಭಾಗದಿಂದ ಕಳೆಯಬೇಕು. 371ಕ್ಕೆ 37 − 2 = 35, ಆದ್ದರಿಂದ 371 ಭಾಗವಾಗುತ್ತದೆ, 7 × 53. ಏಕೆ? ಸಂಖ್ಯೆ 10ಅ + ಬ. ಅ − 2ಬ ಎಂಬುದನ್ನು 10ರಿಂದ ಗುಣಿಸಿದರೆ 10ಅ − 20ಬ, ಎರಡಕ್ಕೂ ಇರುವ ವ್ಯತ್ಯಾಸ 21ಬ, 21ರೊಳಗೆ 7 ಇದೆ. 10 ಮತ್ತು 7ಕ್ಕೆ ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಎರಡೂ ದಿಕ್ಕಿನಲ್ಲಿ ಮಾತು ನಿಲ್ಲುತ್ತದೆ.

ಹೊಸಂಗಡಿಯ ಓದುಗ:

ಹಳೆಯ ಗಣಿತವನ್ನು ಯಾರೂ ನೆನೆಯಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಆರು ರಸಗಳನ್ನು ಎಷ್ಟು ವಿಧವಾಗಿ ಕೂಡಿಸಬಹುದು ಎಂಬ ಲೆಕ್ಕವಿದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ.

ಕುಂಬಳೆಯ ಗಣಿತ ಅಧ್ಯಾಪಕ:

ಅದಕ್ಕೂ ಈ ಪ್ರಶ್ನೆಗೂ ಏನು ಸಂಬಂಧ?

ಪೆರಿಯದ ಎಂ.ಎಸ್ಸಿ. ವಿದ್ಯಾರ್ಥಿನಿ:

ಸಂಬಂಧವಿದೆ ಮಾಷ್ಟ್ರೇ, ಅದೂ ಬಹಳ ಹತ್ತಿರದ್ದು. ಆರು ರಸಗಳಲ್ಲಿ ಮೂರನ್ನು ಒಂದಾದ ಮೇಲೊಂದು ಆರಿಸಿದರೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 5, ಮೂರನೆಯದಕ್ಕೆ 4 ಆಯ್ಕೆ, ಒಟ್ಟು 6 × 5 × 4 = 120 ಕ್ರಮಗಳು. ಆದರೆ ಸಿಹಿ, ಹುಳಿ, ಉಪ್ಪು ಎಂಬ ಒಂದೇ ಕೂಟವು ಕ್ರಮ ಬದಲಾಗಿ ಆರು ಸಲ ಎಣಿಕೆಗೆ ಬಂದಿರುತ್ತದೆ. ಪ್ರತಿಯೊಂದು ಕೂಟವೂ ಸರಿಯಾಗಿ ಆರು ಸಲ ಬರುವುದರಿಂದ 120 ಎಂಬುದು 6ರ ಗುಂಪುಗಳಾಗಿ ಒಡೆಯಲೇಬೇಕು; ಕೂಟಗಳು 20. ರಸಗಳು ಆರರ ಬದಲು ಎಷ್ಟಿದ್ದರೂ ವಾದ ಅದೇ. ಅನುಕ್ರಮವಾದ ಮೂರು ಸಂಖ್ಯೆಗಳ ಗುಣಲಬ್ಧ 6ರಿಂದ ಭಾಗವಾಗುತ್ತದೆ ಎಂಬುದಕ್ಕೆ ಇದು ಮೂರನೆಯ ಸಾಧನೆ, ಇದರಲ್ಲಿ ಭಾಗಾಕಾರವೂ ಇಲ್ಲ, ಶೇಷವೂ ಇಲ್ಲ. ನಾಲ್ಕನ್ನು ಆರಿಸಿದರೆ ಪ್ರತಿ ಕೂಟ 24 ಸಲ ಬರುತ್ತದೆ, ಆದ್ದರಿಂದ ಅನುಕ್ರಮವಾದ ನಾಲ್ಕರ ಗುಣಲಬ್ಧ 24ರಿಂದ ಭಾಗವಾಗುತ್ತದೆ; ಐದರದ್ದು 120ರಿಂದ.

ಕುಂಬಳೆಯ ಗಣಿತ ಅಧ್ಯಾಪಕ:

ಇದು ನನಗೆ ಹಿಡಿಸಿತು. ನಾಳೆಯೇ ಹತ್ತನೇ ತರಗತಿಯಲ್ಲಿ ಹೇಳುತ್ತೇನೆ. ಓದುಗರಲ್ಲಿ ಕ್ಷಮೆ ಇರಲಿ.

ಪೆರ್ಲದ ಅಡಿಕೆ ಕೃಷಿಕ:

ರಸಗಳಲ್ಲಿ ಖಾರ ಮತ್ತು ಸಿಹಿಯನ್ನು ಮಾತ್ರ ಕೂಡಿಸಬೇಡಿ, ಅದಕ್ಕೆ ಯಾವ ಸಾಧನೆಯೂ ಇಲ್ಲ.

ಬದಿಯಡ್ಕದ ಅಮ್ಮ:

ಮಾವಿನಹಣ್ಣಿನ ಗೊಜ್ಜು ತಿಂದವರು ಹೀಗೆ ಹೇಳಲಾರರು ಅಣ್ಣಾ.

ಮಗಳು ಸಂಜೆಯಿಂದ ಟೀಚರ್ ಹೇಳಿದ ಹಾಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕುಳಿತಿದ್ದಳು. ಈಗ ಅವಳೇ ಒಂದು ಹೇಳಿಕೆಯನ್ನು ಕಂಡುಹಿಡಿದಿದ್ದಾಳಂತೆ, ಬರೆಯಲು ಹೇಳಿದಳು: 3ಕ್ಕಿಂತ ದೊಡ್ಡದಾದ ಅವಿಭಾಜ್ಯ ಸಂಖ್ಯೆಯ ವರ್ಗದಿಂದ 1ನ್ನು ಕಳೆದರೆ 24ರಿಂದ ಭಾಗವಾಗುತ್ತದೆ. 5ಕ್ಕೆ 24, 7ಕ್ಕೆ 48, 11ಕ್ಕೆ 120, 13ಕ್ಕೆ 168. ಸಮರ್ಥನೆಯನ್ನೂ ಬರೆದಿದ್ದಾಳೆ. ವರ್ಗದಿಂದ 1ನ್ನು ಕಳೆದರೆ (ಪ − 1)(ಪ + 1). ‘ಪ’ ಬೆಸವಾದ್ದರಿಂದ ಇವೆರಡೂ ಸಮ, ಪಕ್ಕಪಕ್ಕದ ಸಮಸಂಖ್ಯೆಗಳು. ಅವುಗಳಲ್ಲಿ ಒಂದು 4ರಿಂದಲೂ ಭಾಗವಾಗುತ್ತದೆ, ಆದ್ದರಿಂದ ಗುಣಲಬ್ಧದಲ್ಲಿ 8 ಇದೆ. ಪ − 1, ಪ, ಪ + 1 ಇವು ಅನುಕ್ರಮವಾದ ಮೂರು, ಒಂದು 3ರಿಂದ ಭಾಗವಾಗಬೇಕು, ಅದು ‘ಪ’ ಅಲ್ಲ, ಆದ್ದರಿಂದ ಉಳಿದ ಎರಡರಲ್ಲಿ ಒಂದು. 8 ಮತ್ತು 3ಕ್ಕೆ ಸಾಮಾನ್ಯ ಅಪವರ್ತನವಿಲ್ಲ, ಆದ್ದರಿಂದ 24. ಇದಕ್ಕೆ ಎಷ್ಟು ಅಂಕ?

ನೀರ್ಚಾಲಿನ ಟ್ಯೂಷನ್ ಮಾಷ್ಟ್ರು:

4ಕ್ಕೆ 4.

ಉಪ್ಪಳದ ಹುಡುಗ:

ನಾನಾದರೆ ಅರ್ಧ ಅಂಕ ಕತ್ತರಿಸುತ್ತೇನೆ. ‘ಪ’ ಅವಿಭಾಜ್ಯವಾಗಿರಬೇಕು ಎಂದು ಹೇಳಿಕೆಯಲ್ಲಿದೆ, ಆದರೆ ಸಮರ್ಥನೆಯಲ್ಲಿ ಅವಳು ಬಳಸಿದ್ದು ಅದು 2ರಿಂದಲೂ 3ರಿಂದಲೂ ಭಾಗವಾಗುವುದಿಲ್ಲ ಎಂಬುದನ್ನು ಮಾತ್ರ. 25 ಅವಿಭಾಜ್ಯವಲ್ಲ, ಆದರೂ 625 − 1 = 624 = 24 × 26. 35ಕ್ಕೂ ಸರಿಯಾಗುತ್ತದೆ: 1224 = 24 × 51. ಬೇಡದ ಷರತ್ತನ್ನು ಹಾಕಿದ್ದಾಳೆ.

ಮುಳ್ಳೇರಿಯದ ನಿವೃತ್ತ ಟೀಚರ್:

ಷರತ್ತು ಹೆಚ್ಚಾದರೆ ಹೇಳಿಕೆ ಸುಳ್ಳಾಗುವುದಿಲ್ಲ ಮಗಾ, ಅದರ ವ್ಯಾಪ್ತಿ ಚಿಕ್ಕದಾಗುತ್ತದೆ ಅಷ್ಟೇ. ಅರ್ಧ ಅಂಕವನ್ನು ಅವಳಿಗೆ ಮರಳಿ ಕೊಡು. ಮತ್ತೆ ಅವಳನ್ನೇ ಕೇಳು, 24ರ ಜಾಗದಲ್ಲಿ 48 ಹಾಕಿದರೆ ಯಾವ ಸಂಖ್ಯೆಗಳಿಗೆ ಸರಿಯಾಗುತ್ತದೆ ಎಂದು. 7ಕ್ಕೆ ಸರಿಯಾಗುತ್ತದೆ, 5ಕ್ಕೆ ಆಗುವುದಿಲ್ಲ.